ವಿಜ್ಞಾನಶಾಲೆಯೂ ಕಾರ್ಖಾನೆಯೂ

ವಿಜ್ಞಾನದ ಸಂಶೋಧನೆಗೂ ದೇಶದ ಕೈಗಾರಿಕೆಗೂ ನಂಟು ಬೆಳೆಸಬೇಕೆಂಬ ಉದ್ದೇಶದಿಂದ ಕೇಂದ್ರ ಸರ್ಕಾರದವರು ಈಚಿನ ವರ್ಷಗಳಲ್ಲಿ ಎರಡು ದೊಡ್ಡ ಏರ್ಪಾಡುಗಳನ್ನು ಮಾಡಿರುತ್ತಾರೆ. 2023ನೆಯ ಇಸವಿಯಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಶಾಸನದಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಹುಟ್ಟಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳನ್ನು ಅದರ ಮೂಲಕ ವಿನಿಯೋಗಿಸುವುದೆಂದು ಆಗ ಸಾರಲಾಯಿತು. ಅನಂತರ 2025ನೆಯ ಇಸವಿ ಜುಲೈ ತಿಂಗಳ ಮೊದಲನೆಯ ದಿನ, ಕೈಗಾರಿಕೆಗಳವರ ಸಂಶೋಧನೆಗಾಗಿ ಒಂದು ಲಕ್ಷ ಕೋಟಿ ರೂಪಾಯಿಗಳ ನಿಧಿಗೆ ಮಂತ್ರಿಮಂಡಲವು ಒಪ್ಪಿಗೆಯಿತ್ತು, ಅದೇ ವರ್ಷದ ನವೆಂಬರಿನಲ್ಲಿ ಅದಕ್ಕೆ ಚಾಲನೆಯೂ ದೊರೆಯಿತು. ಬಡ್ಡಿ ಅತ್ಯಲ್ಪವಾದ ಅಥವಾ ಬಡ್ಡಿಯೇ ಇಲ್ಲದ ದೀರ್ಘಾವಧಿಯ ಸಾಲವನ್ನು ಈ ನಿಧಿಯಿಂದ ಕೊಡತಕ್ಕದ್ದಾಗಿದೆ.

ಇಷ್ಟು ಹಣವನ್ನು ವಿಜ್ಞಾನದ ಹೆಸರಿನಲ್ಲಿ ತೆಗೆದಿಟ್ಟದ್ದು ಸಂತೋಷದ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಣ ತೆಗೆದಿಡುವುದೇ ಬೇರೆ, ಅದು ಫಲ ಕೊಡುವಂತೆ ಮಾಡುವುದೇ ಬೇರೆ. ಪ್ರಜೆಗಳ ತೆರಿಗೆಯಿಂದ ಬಂದ ಈ ದ್ರವ್ಯವು ಯಾರ ಕೈ ಸೇರುವುದು, ಅದರಿಂದ ಹುಟ್ಟುವ ವಿದ್ಯೆಯು ಯಾರ ಸ್ವತ್ತಾಗುವುದು ಎಂಬ ಪ್ರಶ್ನೆಗಳನ್ನು ಈಗಲೇ ಕೇಳದಿದ್ದರೆ ಮುಂದೆ ಕೇಳಿ ಪ್ರಯೋಜನವಿಲ್ಲ.

ಮೊದಲು ನಮ್ಮ ಸದ್ಯದ ಸ್ಥಿತಿಯನ್ನು ನೋಡೋಣ. 2020-21ನೆಯ ಸಾಲಿನ ಸರ್ಕಾರಿ ಅಂಕಿಗಳ ಪ್ರಕಾರ ಭಾರತವು ಸಂಶೋಧನೆಗೆ ವೆಚ್ಚಮಾಡಿದ್ದು ರಾಷ್ಟ್ರೀಯ ಉತ್ಪನ್ನದಲ್ಲಿ ನೂರಕ್ಕೆ 0.64 ಭಾಗ. ದಕ್ಷಿಣ ಕೊರಿಯಾದಲ್ಲಿ ಈ ಪ್ರಮಾಣವು ನೂರಕ್ಕೆ ಸುಮಾರು 5, ಇಸ್ರೇಲಿನಲ್ಲಿ 5ಕ್ಕಿಂತಲೂ ಹೆಚ್ಚು. ಇದಕ್ಕಿಂತ ಯೋಚಿಸಬೇಕಾದ ಸಂಗತಿ ಇನ್ನೊಂದುಂಟು. ಆ ದೇಶಗಳಲ್ಲಿ ವೆಚ್ಚದ ಬಹುಭಾಗವನ್ನು ಹೊರುವವರು ಕೈಗಾರಿಕೆಯವರು; ನಮ್ಮಲ್ಲಿ ಖಾಸಗಿ ಉದ್ಯಮಗಳ ಪಾಲು ನೂರಕ್ಕೆ 36ರಷ್ಟು ಮಾತ್ರ. ಯಂತ್ರವನ್ನೂ ವಿಧಾನವನ್ನೂ ಹೊರದೇಶದಿಂದ ಕೊಂಡು ತಂದು ಲಾಭ ಮಾಡಿಕೊಳ್ಳುವುದು ಸುಲಭವಾಗಿರುವಾಗ, ಸ್ವಂತ ಶೋಧನೆಯ ಕಷ್ಟನಷ್ಟಗಳಿಗೆ ನಮ್ಮ ಉದ್ಯಮಪತಿಗಳಲ್ಲಿ ಅನೇಕರು ಮನಸ್ಸು ಮಾಡಿಲ್ಲ. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದಂತೆ, ನೆರೆಯಲ್ಲಿಯೇ ಇರುವ ವಿಜ್ಞಾನಶಾಲೆಯ ಬಾಗಿಲು ತಟ್ಟದೆ ಸಮುದ್ರದಾಚೆಗೆ ಲಕ್ಷಗಟ್ಟಲೆ ಸುರಿಯುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ.

ಈ ನಂಟು ನಮ್ಮ ನಾಡಿಗೆ ಹೊಸತೆಂದು ಯಾರೂ ಭಾವಿಸಬೇಕಾಗಿಲ್ಲ. ಜಮ್ಷೇಟ್‌ಜಿ ಟಾಟಾ ಅವರ ದಾನವೂ ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯೂ ಕೂಡಿ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಏರ್ಪಟ್ಟಿತು. ವರ್ತಕನ ಧನ, ರಾಜ್ಯದ ನೆಲ, ವಿದ್ವಾಂಸರ ಬುದ್ಧಿ ಇವು ಮೂರೂ ಒಂದೆಡೆ ಕೂಡಿದ್ದರ ಫಲವನ್ನು ಕಾಣಲು ಬಹಳ ಕಾಲ ಹಿಡಿಯಲಿಲ್ಲ. ಮೈಸೂರಿನ ಶ್ರೀಗಂಧದ ಮರವು ಅದುವರೆಗೆ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧವು ಆರಂಭವಾಗಿ ಆ ವ್ಯಾಪಾರ ನಿಂತಿತು, ಮರವು ಇಲ್ಲಿಯೇ ರಾಶಿಬಿದ್ದಿತು. ಆಗ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿಯಿಳಿಸುವ ವಿಧಾನವನ್ನು ಸಿದ್ಧಗೊಳಿಸಿದರು. ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ 1918ರಲ್ಲಿ ಸಾಬೂನಿನ ಕಾರ್ಖಾನೆಯೂ ನಡೆಯತೊಡಗಿದವು. ಮಾರುಕಟ್ಟೆ ಮುಚ್ಚಿದ ದಿನ ಕೈಚೆಲ್ಲಿ ಕುಳಿತಿದ್ದರೆ ಮೈಸೂರು ಸ್ಯಾಂಡಲ್ ಸಾಬೂನು ಜಗತ್ತಿಗೆ ಪರಿಚಯವಾಗುತ್ತಿರಲಿಲ್ಲ.

ಚುನಾವಣೆಯಲ್ಲಿ ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯೂ ಇಂತಹುದೇ ನಿದರ್ಶನ. ಅದರ ಸೂತ್ರವನ್ನು ಕಂಡುಹಿಡಿದದ್ದು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ತಯಾರಿಸುವುದು 1937ರಲ್ಲಿ ಸ್ಥಾಪಿತವಾದ ಮೈಸೂರಿನ ಬಣ್ಣದ ಕಾರ್ಖಾನೆ. 1962ರ ಮಹಾಚುನಾವಣೆಯಿಂದ ಇಂದಿನವರೆಗೂ ಈ ಏರ್ಪಾಡು ನಡೆದುಬಂದಿದೆ. ಎಮ್ಮೆಯ ಹಾಲಿನಿಂದ ಶಿಶುಗಳಿಗೆ ಆಹಾರದ ಪುಡಿ ಮಾಡುವುದನ್ನು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಸಾಧಿಸಿಕೊಟ್ಟರು. ಗುಜರಾತಿನ ಖೈರಾ ಜಿಲ್ಲೆಯ ರೈತರ ಸಹಕಾರ ಸಂಘವು ಅದನ್ನು ಅಮುಲ್ ಎಂಬ ಹೆಸರಿನಲ್ಲಿ ಮನೆಮನೆಗೆ ಮುಟ್ಟಿಸಿತು. ನಮ್ಮವರಿಂದ ಆಗದು ಎಂಬ ಮಾತಿಗೆ ಇಷ್ಟು ಉತ್ತರ ಸಾಕು.

ಹಾಗಾದರೆ ಇಂತಹ ಉದಾಹರಣೆಗಳು ಬೆರಳೆಣಿಕೆಯಷ್ಟೇ ಏಕಾದವು? ವಿಜ್ಞಾನಿಗಳನ್ನು ಕೇಳಿದರೆ, ಉದ್ಯಮಪತಿಗಳಿಗೆ ನಾಳೆಯೇ ಮಾರಬಹುದಾದ ಸರಕು ಬೇಕು, ಕಾಯುವ ತಾಳ್ಮೆ ಇಲ್ಲವೆನ್ನುತ್ತಾರೆ. ಉದ್ಯಮಪತಿಗಳನ್ನು ಕೇಳಿದರೆ, ಪ್ರಯೋಗಾಲಯದವರು ಪ್ರಬಂಧ ಬರೆದು ತೃಪ್ತರಾಗುತ್ತಾರೆ, ಒಂದು ಒಪ್ಪಂದಕ್ಕೆ ರುಜು ಬೀಳಬೇಕಾದರೆ ತಿಂಗಳುಗಟ್ಟಲೆ ಕಾಗದ ಅಲೆಯುತ್ತದೆ ಎನ್ನುತ್ತಾರೆ. ಎರಡು ದೂರುಗಳಲ್ಲಿಯೂ ಸತ್ಯಾಂಶವಿದೆ. ಗಾಜಿನ ಬುದ್ದಲಿಯಲ್ಲಿ ಒಂದು ಪಾವು ತಯಾರಿಸಿದ್ದನ್ನು ಕಾರ್ಖಾನೆಯಲ್ಲಿ ಸಾವಿರ ಮಣ ತಯಾರಿಸುವುದು ಬೇರೆಯೇ ವಿದ್ಯೆ. ನಡುವಣ ಈ ಹಂತಕ್ಕೆ ವೆಚ್ಚ ಹೆಚ್ಚು, ಗೆಲುವು ಅನಿಶ್ಚಿತ. ಪ್ರಯೋಗಾಲಯಕ್ಕೆ ಅಷ್ಟು ಹಣವಿಲ್ಲ, ಬ್ಯಾಂಕಿಗೆ ಅಷ್ಟು ಧೈರ್ಯವಿಲ್ಲ. ಹೊಸ ನಿಧಿಯು ಈ ಕಂದಕಕ್ಕೆ ಸೇತುವೆ ಕಟ್ಟಲು ಹೊರಟಿರುವುದರಿಂದಲೇ ನಾವು ಅದನ್ನು ಸ್ವಾಗತಿಸುತ್ತೇವೆ.

ಆದರೆ ಹಿಂದಿನ ಅನುಭವವು ಎಚ್ಚರಿಕೆಯನ್ನು ಹೇಳುತ್ತದೆ. ಹೊರದೇಶದಿಂದ ತಂತ್ರಜ್ಞಾನವನ್ನು ಕೊಂಡವರ ಮೇಲೆ ನೂರಕ್ಕೆ 5ರಂತೆ ಉಪಕರ ವಿಧಿಸಿ ಆ ಹಣದಿಂದ ಸ್ವದೇಶಿ ತಂತ್ರಜ್ಞಾನವನ್ನು ಪೋಷಿಸಬೇಕೆಂದು 1986ರಲ್ಲಿ ಶಾಸನವಾಯಿತು. ಹಣವನ್ನು ಹಂಚುವ ಮಂಡಲಿಯು 1996ರಲ್ಲಿ ಏರ್ಪಟ್ಟಿತು. ಉಪಕರವು ತಪ್ಪದೆ ವಸೂಲಾಯಿತು, ಮಂಡಲಿಗೆ ಮುಟ್ಟಿದ್ದು ಅದರ ಅತ್ಯಲ್ಪ ಭಾಗ. 2017ರಲ್ಲಿ ಉಪಕರವೇ ರದ್ದಾಯಿತು. ಸಂಶೋಧನೆಗೆ ಖರ್ಚುಮಾಡಿದ ಕಂಪನಿಗಳಿಗೆ ವರಮಾನ ತೆರಿಗೆಯ ಲೆಕ್ಕದಲ್ಲಿ ಖರ್ಚಿನ ಎರಡು ಪಟ್ಟು ಕಳೆಯಲು ಇದ್ದ ಅವಕಾಶವು 2017ರ ಏಪ್ರಿಲಿನಲ್ಲಿ ಒಂದೂವರೆ ಪಟ್ಟಿಗೆ ಇಳಿದು, 2020ರ ಏಪ್ರಿಲಿನಿಂದ ಖರ್ಚಾದಷ್ಟಕ್ಕೇ ನಿಂತಿತು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಹಿಂದೆಗೆಯುವ ಈ ರೀತಿಯಿಂದ ಯಾವ ಉದ್ಯಮಪತಿಗೆ ಹತ್ತು ವರ್ಷದ ಸಂಕಲ್ಪ ಮಾಡುವ ಧೈರ್ಯ ಬಂದೀತು?

ಪ್ರತಿಷ್ಠಾನದ 50,000 ಕೋಟಿಯಲ್ಲಿ ಸಹ ಸರ್ಕಾರದ ಬೊಕ್ಕಸದಿಂದ ಬರತಕ್ಕದ್ದು 14,000 ಕೋಟಿ. ಉಳಿದ 36,000 ಕೋಟಿಯನ್ನು ಕೈಗಾರಿಕೆಗಳಿಂದಲೂ ದಾನಿಗಳಿಂದಲೂ ಇತರ ಹೊರಗಿನ ಮೂಲಗಳಿಂದಲೂ ನಿರೀಕ್ಷಿಸಲಾಗಿದೆ. ನಿರೀಕ್ಷೆಯನ್ನು ಜಮೆಯ ಕಲಮಿನಲ್ಲಿ ಬರೆಯುವ ಗುಮಾಸ್ತನನ್ನು ಯಾವ ಸಾಹುಕಾರನೂ ಇಟ್ಟುಕೊಳ್ಳುವುದಿಲ್ಲ. ಬಂದ ಹಣವೆಷ್ಟು, ಬರಬೇಕಾದದ್ದೆಷ್ಟು ಎಂಬುದನ್ನು ವರ್ಷವರ್ಷವೂ ಪಾರ್ಲಿಮೆಂಟಿನ ಮುಂದಿಡುವುದು ಸರ್ಕಾರದವರ ಕರ್ತವ್ಯ.

ಇನ್ನು ಒಂದು ಲಕ್ಷ ಕೋಟಿಯ ವಿಚಾರ. ಬಡ್ಡಿಯಿಲ್ಲದಿದ್ದರೂ ಸಾಲವು ಸಾಲವೇ. ಅದನ್ನು ತೀರಿಸುವ ಭರವಸೆ ಕೊಡಬಲ್ಲವರು ದೊಡ್ಡ ಬಂಡವಾಳಗಾರರು. ಪೀಣ್ಯದಲ್ಲಿ ಹತ್ತು ಮಂದಿ ಕೆಲಸಗಾರರನ್ನಿಟ್ಟುಕೊಂಡು ಯಂತ್ರದ ಬಿಡಿಭಾಗ ಮಾಡುವವನೂ, ಬೆಳಗಾವಿಯ ಉದ್ಯಮಬಾಗಿನಲ್ಲಿಯೋ ಶಿವಮೊಗ್ಗದ ಮಾಚೇನಹಳ್ಳಿಯಲ್ಲಿಯೋ ಎರಕದ ಕುಲುಮೆ ನಡೆಸುವವನೂ ಈ ಸಾಲದ ಬಾಗಿಲಿಗೆ ಬರುವುದು ಕಷ್ಟ. ಆದರೆ ಶೋಧನೆಯ ಅಗತ್ಯ ಹೆಚ್ಚಾಗಿರುವುದು ಅವನಿಗೇ. ಎರಕದ ಮರಳನ್ನು ಮತ್ತೆ ಬಳಸುವ ಬಗೆ, ಕುಲುಮೆಯ ಇಂಧನ ಉಳಿಸುವ ಬಗೆ, ಇವು ಒಬ್ಬನಿಂದ ಬಗೆಹರಿಯುವ ಸಮಸ್ಯೆಗಳಲ್ಲ. ಇದಕ್ಕೆ ದಾರಿಯನ್ನು ಅಹಮದಾಬಾದಿನವರು 1947ರಲ್ಲಿಯೇ ತೋರಿಸಿದ್ದಾರೆ. ಅಲ್ಲಿಯ ಗಿರಣಿಗಳ ಒಡೆಯರು ಪೈಪೋಟಿಯನ್ನು ಬದಿಗಿಟ್ಟು, ಹಣ ಕೂಡಿಸಿ, ಸರ್ಕಾರದ ನೆರವನ್ನೂ ಪಡೆದು ನೇಯ್ಗೆಯ ಸಂಶೋಧನೆಗಾಗಿ ಒಂದು ಸಂಘವನ್ನು ಕಟ್ಟಿದರು. ಕೊಯಮತ್ತೂರಿನಲ್ಲಿಯೂ 1956ರಲ್ಲಿ ಅದೇ ಮಾದರಿಯ ಸಂಸ್ಥೆಯಾಯಿತು. ನಮ್ಮ ಎರಕದವರೂ ರೇಷ್ಮೆಯವರೂ ಕಾಫಿ ಹುರಿಯುವವರೂ ಇದೇ ರೀತಿ ಸಂಘ ಕಟ್ಟಿದರೆ ಸಾಲದ ಬದಲು ಸಹಾಯಧನವನ್ನೇ ಕೊಡುವುದು ನ್ಯಾಯ.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯನ್ನೂ ನೋಡತಕ್ಕದ್ದು. 1949ರಲ್ಲಿ ಹುಟ್ಟಿದ ಆ ಸಂಸ್ಥೆಯ ಆದಾಯದಲ್ಲಿ ಸುಮಾರು ಮೂರನೆಯ ಒಂದು ಪಾಲು ಸರ್ಕಾರದ ಖಾಯಂ ನೆರವು. ಉಳಿದದ್ದನ್ನು ಕೈಗಾರಿಕೆಗಳ ಗುತ್ತಿಗೆ ಕೆಲಸದಿಂದಲೂ ಸ್ಪರ್ಧೆಯಲ್ಲಿ ಗೆದ್ದ ಸಾರ್ವಜನಿಕ ಯೋಜನೆಗಳಿಂದಲೂ ಅದು ಸಂಪಾದಿಸಬೇಕು. ಬುಡಕ್ಕೆ ನೀರೂ ಇದೆ, ದುಡಿಯುವ ಒತ್ತಾಯವೂ ಇದೆ.

ಆದಕಾರಣ ನಾಲ್ಕು ಮಾತುಗಳನ್ನು ಅಧಿಕಾರಸ್ಥರ ಮುಂದಿಡುತ್ತೇವೆ. ಯಾರಿಗೆ, ಯಾವ ಕಾರ್ಯಕ್ಕಾಗಿ, ಎಷ್ಟು ಸಾಲ ಸಂದಿತೆಂಬ ಪಟ್ಟಿಯು ಪ್ರತಿ ವರ್ಷವೂ ಬಹಿರಂಗವಾಗಲಿ. ಸಾಲ ಪಡೆದ ಕಂಪನಿಯು ಅದರಲ್ಲಿ ಗೊತ್ತಾದ ಒಂದು ಭಾಗವನ್ನು ಸಾರ್ವಜನಿಕ ವಿಶ್ವವಿದ್ಯಾನಿಲಯದ ಅಥವಾ ಪ್ರಯೋಗಾಲಯದ ಸಹಯೋಗದಲ್ಲಿ ವೆಚ್ಚಮಾಡಲಿ. ಆ ಭಾಗವು ರಾಜಧಾನಿಯ ಹೆಸರಾಂತ ಸಂಸ್ಥೆಗಳಿಗೆ ಮಾತ್ರವಲ್ಲದೆ ಧಾರವಾಡ, ಮೈಸೂರು, ಕಲಬುರಗಿಗಳಿಗೂ ಮುಟ್ಟಲಿ. ಪ್ರಜೆಗಳ ಹಣದಿಂದ ಸಿದ್ಧವಾದ ಪೇಟೆಂಟನ್ನು ಗೊತ್ತಾದ ಅವಧಿಯೊಳಗೆ ಬಳಸದೆ ಪೆಟ್ಟಿಗೆಯಲ್ಲಿಟ್ಟವರಿಂದ ಅದನ್ನು ಬಿಡಿಸಿ ಬೇರೆಯವರಿಗೆ ಪರವಾನಗಿ ಕೊಡುವ ಅಧಿಕಾರವು ಸರ್ಕಾರಕ್ಕಿರಲಿ. ಕೊನೆಯದಾಗಿ, ಕೈಗಾರಿಕೆಯ ಸೆಳೆತದಿಂದ ಮೂಲವಿಜ್ಞಾನವು ಬಡವಾಗದಿರಲಿ. 1928ರಲ್ಲಿ ರಾಮನ್ ಅವರು ಬೆಳಕಿನ ಚೆದರಿಕೆಯನ್ನು ಪರೀಕ್ಷಿಸುತ್ತಿದ್ದಾಗ ಅದರ ಮಾರುಕಟ್ಟೆಯ ಬೆಲೆಯೇನೆಂದು ಯಾರೂ ಕೇಳಲಿಲ್ಲ. ಇಂದು ಔಷಧದ ಕಾರ್ಖಾನೆಗಳಲ್ಲಿ ಕಚ್ಚಾ ಪದಾರ್ಥಗಳನ್ನು ಗುರುತಿಸಲು ಅದೇ ತತ್ತ್ವದ ಉಪಕರಣಗಳು ಬಳಕೆಯಲ್ಲಿವೆ.

1942ರಲ್ಲಿ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಏರ್ಪಟ್ಟಾಗ ದೇಶವು ಪರರ ಆಳ್ವಿಕೆಯಲ್ಲಿತ್ತು, ಅದಕ್ಕೆ ಆಧಾರವಾದ ನಿಧಿಯು ವರ್ಷಕ್ಕೆ ಹತ್ತು ಲಕ್ಷ ರೂಪಾಯಿ. ಅಷ್ಟರಿಂದ ನಮ್ಮ ಹಿರಿಯರು ದೇಶದ ಉದ್ದಗಲಕ್ಕೂ ಪ್ರಯೋಗಾಲಯಗಳನ್ನು ಕಟ್ಟಲು ಹೊರಟರು. ಇಂದು ರಾಜ್ಯವೂ ನಮ್ಮದು, ಹಣವೂ ನಮ್ಮದು. ಈ ನಿಧಿಯು ಕೆಲವರ ಲಾಭದ ಲೆಕ್ಕದಲ್ಲಿ ಕರಗಿಹೋದರೆ ಪರರನ್ನು ದೂರುವ ಹಾಗಿಲ್ಲ. ಸರ್ಕಾರದವರು ಲೆಕ್ಕವನ್ನು ತೆರೆದಿಡಲಿ, ಉದ್ಯಮಪತಿಗಳು ತಮ್ಮ ಪಾಲಿನ ಥೈಲಿಯನ್ನು ಬಿಚ್ಚಲಿ.