ಅಗ್ಗದ ಸಾಹಸ ಯಾರ ತಲೆಯ ಮೇಲೆ?

ನಮ್ಮ ಸಂಘದ ಪ್ರವಾಸ ಉಪಸಮಿತಿಯವರು ತಯಾರಿಸಿರುವ ಯೋಜನೆಯೊಂದರ ಪ್ರತಿ ನಮ್ಮ ಕೈಗೂ ಬಂದಿದೆ. ತಲೆಬರಹ ಜೋರಾಗಿದೆ: "ಗಯಾನಾ - ಹತ್ತು ದಿನಗಳ ಅಗ್ಗದ ಸಾಹಸ ಯಾತ್ರೆ." ಜೂನ್ ತಿಂಗಳ ಶಾಲಾ ರಜೆಯಲ್ಲಿ ಜಾರ್ಜ್‌ಟೌನಿನಲ್ಲಿ ಇಳಿಯುವುದು, ಎರಡು ಜೀಪುಗಳನ್ನು ಬಾಡಿಗೆಗೆ ಹಿಡಿಯುವುದು, ಕಾಡಿನ ನಡುವಣ ಕೆಮ್ಮಣ್ಣಿನ ರಸ್ತೆಯಲ್ಲಿ ಬ್ರೆಜಿಲ್ ಗಡಿಯ ಲೆಥೆಮ್ ಎಂಬ ಊರಿನವರೆಗೆ ಹೋಗಿ ಬರುವುದು, ದಾರಿಯಲ್ಲಿ ಮನಸ್ಸು ಬಂದಲ್ಲಿ ಡೇರೆ ಹಾಕುವುದು, ಊಟಕ್ಕೆ ಇಲ್ಲಿಂದಲೇ ಒಯ್ದ ಪೊಟ್ಟಣಗಳನ್ನು ಬಿಚ್ಚುವುದು. ಕೊನೆಯಲ್ಲೊಂದು ಟಿಪ್ಪಣಿ: ಸ್ಥಳೀಯ ಮಾರ್ಗದರ್ಶಕರ ಅಗತ್ಯವಿಲ್ಲವಂತೆ, ಹಳ್ಳಿಯವರೊಡನೆ ಚೌಕಾಸಿ ಮಾಡಿದರೆ ಎಲ್ಲವೂ ಅರ್ಧ ಬೆಲೆಗೆ ದೊರೆಯುತ್ತದಂತೆ. ಇದಕ್ಕೆ ಸಂಘದ ಹೆಸರೂ ಮುದ್ರೆಯೂ ಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿದ್ದಾರೆ. ಕೊಡಕೂಡದು ಎಂಬುದು ನಮ್ಮ ವಾದ.

ನಾವು ಗಯಾನಾ ಕಂಡವರಲ್ಲ. ಆ ಮಾತನ್ನು ಎದುರು ಪಕ್ಷದವರು ಎತ್ತುವ ಮೊದಲು ನಾವೇ ಹೇಳಿಬಿಡುತ್ತೇವೆ. ಆದರೆ ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕುಳಿತು ಬೇರೆಯವರ ಪ್ರವಾಸ ಭತ್ಯೆಯ ಬಿಲ್ಲುಗಳನ್ನು ತನಿಖೆ ಮಾಡಿದವರಿಗೆ ಒಂದು ವಿದ್ಯೆಯಂತೂ ಬಂದಿರುತ್ತದೆ. ಕಾಗದದ ಮೇಲೆ ಓಡಿದ ಪ್ರಯಾಣ ನೆಲದ ಮೇಲೆ ಓಡುವಂಥದ್ದೋ ಅಲ್ಲವೋ ಎಂಬುದು ಎರಡನೆಯ ಸಾಲಿಗೇ ತಿಳಿದುಹೋಗುತ್ತದೆ. ಈ ಯೋಜನೆ ಬಿಲ್ಲಾಗಿ ನಮ್ಮ ಮೇಜಿಗೆ ಬಂದಿದ್ದರೆ ಆಕ್ಷೇಪಣೆ ಬರೆದು ಅದೇ ದಿನ ಹಿಂದಿರುಗಿಸುತ್ತಿದ್ದೆವು.

ಮೊದಲು ದೇಶದ ವಿಚಾರ. ಗಯಾನಾ ದ್ವೀಪವಲ್ಲ, ದಕ್ಷಿಣ ಅಮೆರಿಕದ ಭೂಭಾಗ. ಆದರೂ ಅದನ್ನು ಕೆರಿಬಿಯನ್ ನಾಡೆಂದೇ ಎಲ್ಲರೂ ಎಣಿಸುತ್ತಾರೆ. ಕೆರಿಬಿಯನ್ ರಾಷ್ಟ್ರಗಳ ಒಕ್ಕೂಟದ ಕಾರ್ಯಾಲಯ ಇರುವುದೇ ಜಾರ್ಜ್‌ಟೌನಿನಲ್ಲಿ. ರೇಡಿಯೋಗೆ ಕಿವಿ ಹಚ್ಚಿ ವೆಸ್ಟ್ ಇಂಡೀಸ್ ಆಟದ ವರದಿ ಕೇಳಿದ ನಮ್ಮ ಹಿರಿಯ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಲೈವ್ ಲಾಯ್ಡ್, ರೋಹನ್ ಕನ್ಹಾಯ್, ಕಾಳೀಚರಣ್ ಮೂವರೂ ಆ ನೆಲದವರೇ. ವಿಸ್ತೀರ್ಣ ಸುಮಾರು 2,15,000 ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಕರ್ನಾಟಕದಲ್ಲಿ 2011ರ ಜನಗಣತಿಯಂತೆ 6 ಕೋಟಿ 11 ಲಕ್ಷ ಜನ. ಅಲ್ಲಿರುವವರು ಎಂಟು ಲಕ್ಷ ಚಿಲ್ಲರೆ. ಅವರಲ್ಲಿಯೂ ಹೆಚ್ಚಿನವರೆಲ್ಲ ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ, ಉಬ್ಬರದ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ, ತಡೆಗೋಡೆಯ ಆಸರೆಯಲ್ಲಿ ವಾಸಿಸುತ್ತಾರೆ. ಉಳಿದದ್ದು ಕಾಡು, ನದಿ, ಹುಲ್ಲುಗಾವಲು. ಇದನ್ನು ನೋಡಿ ನಮ್ಮ ಯೋಜಕರು "ಜನರೇ ಇಲ್ಲದ ನಾಡು" ಎಂದು ಬರೆದಿದ್ದಾರೆ. ಜನ ಕಡಿಮೆ ಎಂಬುದಕ್ಕೂ ಜನರೇ ಇಲ್ಲ ಎಂಬುದಕ್ಕೂ ಇರುವ ಅಂತರ ಗೊತ್ತಿಲ್ಲದವರು ಡೇರೆ ಕಟ್ಟಿಕೊಂಡು ಹೊರಡಬಾರದು.

ಇನ್ನು ಲೆಕ್ಕ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ದಾರಿಯಲ್ಲಿ ಇಳಿದು ಹತ್ತಿ ಹೋಗುವಷ್ಟರಲ್ಲಿ ಹೋಗಲು ಎರಡು ದಿನ, ಬರಲು ಎರಡು ದಿನ. ಅಮೆರಿಕದ ನಿಲ್ದಾಣದ ಮೂಲಕ ಹೋದರೆ ಅಲ್ಲಿ ವಿಮಾನ ಬದಲಿಸಲಿಕ್ಕೂ ವೀಸಾ ಬೇಕು. ಅದರ ಸುದ್ದಿ ಯೋಜನೆಯಲ್ಲಿಲ್ಲ. ಉಳಿದದ್ದು ಆರು ದಿನ. ಜಾರ್ಜ್‌ಟೌನಿನಿಂದ ಲಿಂಡೆನ್ ಎಂಬ ಗಣಿಪಟ್ಟಣದವರೆಗೆ ನೂರು ಕಿಲೋಮೀಟರಿಗೆ ತುಸು ಮೇಲೆ ಒಳ್ಳೆಯ ರಸ್ತೆ. ಅಲ್ಲಿಂದಾಚೆಗೆ ಲೆಥೆಮ್‌ವರೆಗೆ ಸುಮಾರು 450 ಕಿಲೋಮೀಟರು. ಲಿಂಡೆನ್ನಿನಿಂದ ಮಬುರಾ ಹಿಲ್‌ವರೆಗಿನ 121 ಕಿಲೋಮೀಟರಿಗೆ ಡಾಂಬರು ಹಾಕಲು 2022ರಲ್ಲಿ ಕರಾರಾಯಿತು. ಮಿಕ್ಕ ದಾರಿ ಹೆಚ್ಚಾಗಿ ಕೆಮ್ಮಣ್ಣಿನದು. ಕುರುಪುಕರಿಯಲ್ಲಿ ಎಸೆಕ್ವಿಬೊ ನದಿ ಅಡ್ಡ ಬರುತ್ತದೆ. ಸೇತುವೆಯ ಕೆಲಸ ಕೈಗೆತ್ತಿಕೊಂಡಿದ್ದಾರೆ. ಅದು ಮುಗಿಯುವವರೆಗೆ ಗಾಡಿಗಳನ್ನು ದಾಟಿಸುವುದು ಹಗಲು ಹೊತ್ತಿನಲ್ಲಿ ಮಾತ್ರ ನಡೆಯುವ ಚಪ್ಪಟೆ ದೋಣಿ. ಹೋಗಿ ಬರುವ ಸಾವಿರದ ನೂರು ಕಿಲೋಮೀಟರಿಗೆ ನೆಲ ಒಣಗಿದ್ದರೂ ನಾಲ್ಕು ದಿನ ಬೇಕು. ಉಳಿಯುವ ಎರಡು ದಿನಗಳಲ್ಲಿ ಇವರಿಗೆ ಕೈಯೆಟೂರ್ ಜಲಪಾತವೂ ಬೇಕು! 226 ಮೀಟರು ಧುಮುಕುವ ಆ ಜಲಪಾತ ಈ ರಸ್ತೆಯ ಬದಿಯಲ್ಲಿಲ್ಲ. ಹೆಚ್ಚಿನವರು ಸಣ್ಣ ವಿಮಾನದಲ್ಲಿ ಹೋಗುತ್ತಾರೆ, ಕಾಲುದಾರಿಯವರಿಗೆ ಹಲವು ದಿನಗಳ ಪ್ರಯಾಣ. ನಮ್ಮ ಜೋಗ 253 ಮೀಟರು, ಅದರ ಹತ್ತಿರಕ್ಕೆ ಬಸ್ಸೂ ಹೋಗುತ್ತದೆ. ಅದನ್ನು ಎಷ್ಟು ಜನ ನೋಡಿದ್ದಾರೆಂದು ನಾವು ಕೇಳಲು ಹೋಗುವುದಿಲ್ಲ.

ನೆಲ ಒಣಗಿದ್ದರೆ ಎಂದೆವು. ಜೂನಿನಲ್ಲಿ ಅದು ಒಣಗಿರುವುದಿಲ್ಲ. ಲೆಥೆಮ್ ಇರುವ ರುಪುನುನಿ ಬಯಲಿನಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಳೆಗಾಲ. ಹುಲ್ಲುಗಾವಲೆಲ್ಲ ನೀರು ನಿಂತು ಕೆರೆಯಂತಾಗುತ್ತದೆ. ನಮ್ಮ ಮಕ್ಕಳ ಶಾಲೆಗೆ ರಜೆ ಎಂದ ಮಾತ್ರಕ್ಕೆ ಅಲ್ಲಿಯ ಮಳೆಗೂ ರಜೆ ಎಂದು ಇವರು ತಿಳಿದಂತಿದೆ.

ಜೀಪಿನ ಮಾತಿಗೆ ಬರೋಣ. ಗಯಾನಾದಲ್ಲಿ ನಮ್ಮ ಹಾಗೆಯೇ ಎಡಗಡೆ ಗಾಡಿ ಓಡಿಸುತ್ತಾರೆ, ಆದ್ದರಿಂದ ನಾವೇ ಓಡಿಸಬಹುದು ಎಂಬುದು ಇವರ ಧೈರ್ಯ. ಎಡಗಡೆ ಎಂಬುದು ನಿಜ. ಕೆಸರಿಗೆ ಎಡಬಲವಿಲ್ಲ ಎಂಬುದೂ ನಿಜ. ಅದಿರಲಿ, ಅದೇ ರಸ್ತೆಯಲ್ಲಿ ದಿನನಿತ್ಯ ಊರಿನ ಜನ ಓಡಾಡುತ್ತಾರಲ್ಲ, ಅವರು ಹೇಗೆ ಹೋಗುತ್ತಾರೆಂದು ಒಬ್ಬರಾದರೂ ವಿಚಾರಿಸಿದ್ದಾರೆಯೇ? ಮಿನಿಬಸ್ಸಿನಲ್ಲಿ ಹೋಗುತ್ತಾರೆ. ಸಂಜೆ ಜಾರ್ಜ್‌ಟೌನ್ ಬಿಟ್ಟು, ಬೆಳಗಿನ ದೋಣಿಗಾಗಿ ನದಿಯ ಈಚೆ ಕಾದು, ಮರುದಿನ ಲೆಥೆಮ್ ಸೇರುತ್ತಾರೆ. ಅಂಗಡಿಯ ಸಾಮಾನು, ಹಸುಗೂಸು, ಆಸ್ಪತ್ರೆಗೆಂದು ಬಂದು ಹಿಂದಿರುಗುವ ಮುದುಕರು ಎಲ್ಲರೂ ಅದರಲ್ಲಿಯೇ. ಯಾವುದು ಅವರಿಗೆ ಮನೆಗೆ ಹೋಗುವ ದಾರಿಯೋ ಅದು ನಮಗೆ ಸಾಹಸ! ಸರಿ, ಸಾಹಸವೇ ಆಗಲಿ; ಆದರೆ ಅಗ್ಗವೂ ಆಗಬೇಕು, ಸಾಹಸವೂ ಆಗಬೇಕು ಎನ್ನುವವರು ಆ ಬಸ್ಸನ್ನು ಹತ್ತಬೇಕಾಗಿತ್ತು. ಎರಡು ಜೀಪು, ಅದರ ದಿನಬಾಡಿಗೆ, ಎಣ್ಣೆ, ಕೆಟ್ಟರೆ ದಂಡ, ಇವೆಲ್ಲ ಮಾಡಿ ದಾರಿಯುದ್ದಕ್ಕೂ ನಾವು ನಾವೇ ಕನ್ನಡದಲ್ಲಿ ಹರಟಿಕೊಂಡು ಹೋಗುವುದಕ್ಕೆ ಇಲ್ಲಿಂದ ಲೋನಾವಳಾ ಸಾಕು.

ಆದರೆ ನಮ್ಮನ್ನು ಲೇಖನಿ ಹಿಡಿಸಿದ್ದು ಲೆಕ್ಕದ ತಪ್ಪಲ್ಲ, ಆ ಕೊನೆಯ ಟಿಪ್ಪಣಿ. "ಮನಸ್ಸು ಬಂದಲ್ಲಿ ಡೇರೆ" ಎಂದಿದ್ದಾರೆ. ಆ ನೆಲ ಯಾರದು? ರುಪುನುನಿಯ ಉತ್ತರ ಭಾಗದಲ್ಲಿ ಮುಖ್ಯವಾಗಿ ಮಕುಶಿ ಜನ, ದಕ್ಷಿಣದಲ್ಲಿ ವಪಿಶಾನ ಜನ ವಾಸಿಸುತ್ತಾರೆ. ಯುರೋಪಿನ ಹಡಗುಗಳು ಬರುವ ಮೊದಲಿನಿಂದ ಆ ನಾಡಿನಲ್ಲಿದ್ದ ಮೂಲನಿವಾಸಿಗಳು. ಗಯಾನಾದ 2006ರ ಮೂಲನಿವಾಸಿಗಳ ಕಾನೂನಿನಂತೆ ಹೊರಗಿನವರು ಅವರ ಹಳ್ಳಿಯ ನೆಲವನ್ನು ಹೊಗಬೇಕಾದರೆ ಹಳ್ಳಿಯ ಮಂಡಳಿಯ ಅನುಮತಿ ಪಡೆಯಬೇಕು. ಮಂಡಳಿಯ ಮುಖ್ಯಸ್ಥನಿಗೆ ತೊಶಾವೊ ಎನ್ನುತ್ತಾರೆ, ಜನರೇ ಆರಿಸಿದವನು. ದಾರಿಯ ಕಾಡಿಗೂ ಒಡೆತನವುಂಟು: 3,71,000 ಹೆಕ್ಟೇರಿನ ಇವೊಕ್ರಾಮ ಅರಣ್ಯವನ್ನು ಅಧ್ಯಕ್ಷ ಡೆಸ್ಮಂಡ್ ಹಾಯ್ಟ್ 1989ರಲ್ಲಿ ಕಾಮನ್‌ವೆಲ್ತಿನ ಮುಂದೆ ಸಂಶೋಧನೆ, ಸಂರಕ್ಷಣೆಗಳಿಗಾಗಿ ಇಟ್ಟರು, 1996ರಲ್ಲಿ ಅದಕ್ಕೆ ಕಾನೂನೂ ಆಯಿತು. ಅಲ್ಲಿ ಕಂಡಕಂಡಲ್ಲಿ ಒಲೆ ಹೂಡುವುದೆಂದರೇನು? ನಮ್ಮವರಲ್ಲಿ ಚಿಕ್ಕಮಗಳೂರು, ಮಡಿಕೇರಿ ಕಡೆ ತವರಿರುವವರು ಹಲವರಿದ್ದಾರೆ. ಶನಿವಾರ ಬಂತೆಂದರೆ ಕಾರಿನಲ್ಲಿ ಬಂದು ತೋಟದ ಬದಿಯಲ್ಲಿ ಬಾಟಲಿ ಎಸೆದು ಹೋಗುವವರನ್ನು ಬಯ್ಯದ ದಿನ ಅವರ ಮನೆಗಳಲ್ಲಿಲ್ಲ. ಅದೇ ಕೆಲಸಕ್ಕೆ ವಿಮಾನದಲ್ಲಿ ಹೋದರೆ ಮಾನ ಬರುತ್ತದೆಯೇ?

ಚೌಕಾಸಿಯದು ಇನ್ನೂ ಕೆಟ್ಟದ್ದು. ಇಂಥ ಪ್ರವಾಸದ ಖರ್ಚಿನಲ್ಲಿ ಸಿಂಹಪಾಲು ವಿಮಾನದವರಿಗೆ. ಅಲ್ಲಿ ಒಂದು ರೂಪಾಯಿ ಬಿಡಿ ಎಂದು ಕೇಳುವ ಗಂಡು ನಮ್ಮಲ್ಲಿ ಹುಟ್ಟಿಲ್ಲ. ಜಾರ್ಜ್‌ಟೌನಿನಲ್ಲಿ, 2019ರ ಡಿಸೆಂಬರಿನಲ್ಲಿ ಕಡಲ ತೈಲ ಮೇಲೆ ಬರತೊಡಗಿದ ಮೇಲೆ ಹೋಟೆಲುಗಳ ದರ ಏರಿದೆ. ಅದನ್ನೂ ಬಾಯಿಮುಚ್ಚಿ ತೆರುತ್ತೇವೆ. ಕತ್ತರಿ ಹೊರಬರುವುದು ಸುರಾಮ, ಅನ್ನಾಯ್‌ಗಳಂಥ ಹಳ್ಳಿಗಳಲ್ಲಿ, ದಾರಿ ತೋರಿಸುವ ಹುಡುಗನ ದಿನಗೂಲಿಯ ಮೇಲೆ, ರೊಟ್ಟಿ ಬೇಯಿಸಿ ಕೊಡುವ ಹೆಂಗಸಿನ ಮೇಲೆ. ಇಡೀ ಬಿಲ್ಲಿನಲ್ಲಿ ಎಲ್ಲಕ್ಕಿಂತ ಸಣ್ಣ ಬಾಬು ಅದು. ಕೈ ಹಾಕಲು ಸುಲಭವಾದದ್ದೂ ಅದೇ. ಸುರಾಮದಲ್ಲಿ ಹಳ್ಳಿಯವರೇ ಸೇರಿ ಅತಿಥಿಗೃಹ ನಡೆಸುತ್ತಾರೆ. ಅವರ ದರವನ್ನು ಅರ್ಧ ಮಾಡಿಸಿ ಬಂದು ಸಂಘದ ಸಭಾಂಗಣದಲ್ಲಿ ಚಿತ್ರ ತೋರಿಸುತ್ತಾ ಅದನ್ನು ಜಾಣತನವೆಂದು ಹೇಳಿಕೊಳ್ಳುವುದನ್ನು ನೆನೆದರೆ ನಮಗೆ ನಾಚಿಕೆಯಾಗುತ್ತದೆ.

ಊಟದ ಪೊಟ್ಟಣಗಳ ಬಗ್ಗೆ ಒಂದು ಮಾತು. ಸಸ್ಯಾಹಾರಿಗಳ ಕಷ್ಟ ನಮಗೂ ಗೊತ್ತು, ನಾವೂ ಸಸ್ಯಾಹಾರಿಗಳೇ. ಆದರೆ ರುಪುನುನಿಯ ಮುಖ್ಯ ಆಹಾರ ಮರಗೆಣಸು, ಅದೂ ಕಹಿ ಜಾತಿಯದು. ಹಸಿಯಾಗಿ ತಿಂದರೆ ಸಯನೈಡ್ ವಿಷ. ಅದನ್ನು ತುರಿದು, ಮಟಪಿ ಎಂಬ ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ, ಜಗ್ಗಿ ರಸ ಹಿಂಡಿ, ಉಳಿದ ಹಿಟ್ಟನ್ನು ಹುರಿದು ಫರೀನ್ ಮಾಡುತ್ತಾರೆ, ರೊಟ್ಟಿ ತಟ್ಟುತ್ತಾರೆ. ಹಿಂಡಿದ ವಿಷದ ರಸವನ್ನೂ ಚೆಲ್ಲುವುದಿಲ್ಲ. ಬಹಳ ಹೊತ್ತು ಕುದಿಸಿದರೆ ವಿಷ ಆವಿಯಾಗಿ ಹೋಗಿ ಕಸರೀಪ್ ಎಂಬ ಕಪ್ಪು ಪಾಕ ಉಳಿಯುತ್ತದೆ. ಬಿ.ಎಸ್ಸಿ.ಯಲ್ಲಿ ನಾವು ಪ್ರಯೋಗಶಾಲೆಯೊಳಗೆ ಕಲಿತ ರಸಾಯನಶಾಸ್ತ್ರಕ್ಕಿಂತ ಇದು ಮೇಲು. ಇದನ್ನು ಕಣ್ಣಾರೆ ನೋಡುವ ಅವಕಾಶವಿದ್ದೂ ಡೇರೆಯೊಳಗೆ ಕುಳಿತು ಪೊಟ್ಟಣದ ಬಿಸಿಬೇಳೆಬಾತು ತಿನ್ನುವುದು ಯಾವ ಸೀಮೆಯ ಸಾಹಸ?

ಯುವಕರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೀರಿ, ಮಧ್ಯಮ ವರ್ಗದವರು ಹೊರದೇಶ ನೋಡುವುದೇ ಬೇಡವೇ ಎಂದು ಕೇಳುವವರಿದ್ದಾರೆ. ನೋಡಲಿ, ಅಗತ್ಯ ನೋಡಲಿ. ಉಳಿತಾಯ ಮಾಡಬೇಕಾದ್ದು ಜೀಪಿನಲ್ಲಿ, ಪಟ್ಟಣದ ಹೋಟೆಲಿನಲ್ಲಿ, ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ. ಮಾಡಬಾರದ್ದು ದಿನಗಳಲ್ಲಿ ಮತ್ತು ಹಳ್ಳಿಯವರ ಕೂಲಿಯಲ್ಲಿ. ಮೂರು ವಾರ ಗಳಿಕೆ ರಜೆ ಕೂಡಿಹಾಕಿ, ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಒಣ ತಿಂಗಳಲ್ಲಿ, ನಾಲ್ಕೈದು ಜನ ಮಾತ್ರ, ಮಿನಿಬಸ್ಸಿನಲ್ಲಿ ಹೋಗಿ, ಮೊದಲೇ ಬರೆದು ಅನುಮತಿ ಪಡೆದ ಒಂದೇ ಹಳ್ಳಿಯಲ್ಲಿ ಒಂದು ವಾರ ಇದ್ದು ಬರಲಿ. ಹಾಗೆ ಹೊರಡುವವರಿಗೆ ಸಂಘದ ಮುದ್ರೆಯೇಕೆ, ಹಾರವನ್ನೇ ಹಾಕೋಣ. ಹಳದಿ ಜ್ವರದ ಚುಚ್ಚುಮದ್ದನ್ನು ಹತ್ತು ದಿನ ಮುಂಚಿತವಾಗಿ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹಿಂದಿರುಗಿದಾಗ ನಮ್ಮದೇ ವಿಮಾನ ನಿಲ್ದಾಣದವರು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇಡಬಹುದು. ಒಳನಾಡಿನಲ್ಲಿ ಮಲೇರಿಯಾ ಇದೆ. ಸರ್ಕಾರಿ ನೌಕರರು ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಲಿ, ರಜಾ ಪ್ರವಾಸ ರಿಯಾಯಿತಿಯ ಆಸೆ ಬಿಡಲಿ. ಅದು ಭಾರತದೊಳಗಿನ ಪ್ರವಾಸಕ್ಕೆ ಮಾತ್ರ.

ಹತ್ತೇ ದಿನ ಸಿಗುವುದೆಂದಾದರೆ ಕಾಡಿನ ಗೊಡವೆ ಬಿಟ್ಟು ಕಡಲ ತೀರದಲ್ಲಿಯೇ ಇರಲಿ. ಜಾರ್ಜ್‌ಟೌನಿನಿಂದ ಪೂರ್ವಕ್ಕೆ ಬರ್ಬಿಸ್ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಕಬ್ಬು, ಭತ್ತ, ಕಾಲುವೆ, ಮನೆಯಂಗಳದಲ್ಲಿ ನೆಟ್ಟ ಬಾವುಟ. 1838ರ ಮೇ 5ರಂದು ಮೊದಲ ಎರಡು ಹಡಗುಗಳು ಕೂಲಿಗಳನ್ನು ತಂದು ಇಳಿಸಿದಂದಿನಿಂದ 1917ರವರೆಗೆ ಭಾರತದಿಂದ ಅಲ್ಲಿಗೆ ಹೋದವರು ಸುಮಾರು 2,39,000. ಹೆಚ್ಚಿನವರು ಕಲ್ಕತ್ತೆಯಿಂದ, ಉಳಿದವರು ಮದ್ರಾಸಿನಿಂದ. ಮದ್ರಾಸಿನವರು ಮಾರಿಯಮ್ಮನನ್ನು ಜೊತೆಗೆ ಕರೆದೊಯ್ದರು. ಬರ್ಬಿಸಿನಲ್ಲಿ ಇಂದಿಗೂ ಬೇವಿನ ಸೊಪ್ಪು ಹಿಡಿದು ತಮಟೆ ಬಡಿದು ಆಕೆಯ ಪೂಜೆ ನಡೆಯುತ್ತದೆ. ಹಿಂದೂ ಮದುವೆಗಳಲ್ಲಿ ಬಂದವರಿಗೆಲ್ಲ ದೊಡ್ಡ ನೀರುತಾವರೆಯ ಎಲೆಯ ಮೇಲೆ ಏಳು ಬಗೆಯ ಪಲ್ಯ ಸಾರುಗಳನ್ನು ಬಡಿಸುತ್ತಾರೆ, ಎಲ್ಲವೂ ಸಸ್ಯಾಹಾರ, ಕೈಯಲ್ಲೇ ಕಲಸಿ ಊಟ. ಅಲ್ಲಿಗೆ ಹೋಗಲು ಜೀಪೂ ಬೇಡ, ಡೇರೆಯೂ ಬೇಡ. ಕಾರ್ಯಕಾರಿ ಸಮಿತಿ ಈ ಎರಡು ಯೋಜನೆಗಳಲ್ಲಿ ಯಾವುದಕ್ಕೆ ಬೇಕಾದರೂ ಮುದ್ರೆ ಒತ್ತಲಿ. ಮೊದಲನೆಯ ಕಾಗದವನ್ನು ಮಾತ್ರ ಉಪಸಮಿತಿಗೆ ಹಿಂದಿರುಗಿಸಲಿ.