ಕೂಸಿನ ಮೈಗೆ ತಾಗುವ ಪದರ

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸಬಾರದು, ಹಳೆಯ ಅರಿವೆಯಲ್ಲಿಯೇ ಸುತ್ತಬೇಕು ಎಂಬ ನಿಯಮ ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳಲ್ಲಿಯೂ ಸೊಲ್ಲಾಪುರದ ಮರಾಠಿ ಮನೆಗಳಲ್ಲಿಯೂ ಒಂದೇ ತೆರನಾಗಿದೆ. ಈ ನಿಯಮವನ್ನು ಕೆಲವರು ಶಾಸ್ತ್ರವೆಂದು ಪಾಲಿಸುತ್ತಾರೆ. ಓದಿದ ಹಲವರು ಮೂಢನಂಬಿಕೆಯೆಂದು ನಗುತ್ತಾರೆ. ಇಬ್ಬರೂ ಅದರ ಕಾರಣವನ್ನು ಕೇಳಿಕೊಂಡವರಲ್ಲ. ಹೊಸ ಹತ್ತಿಬಟ್ಟೆಯಲ್ಲಿ ನೂಲಿಗೆ ಹಚ್ಚಿದ ಗಂಜಿ ಇರುತ್ತದೆ, ಹತ್ತಿಯ ಎಳೆಯ ಮೇಲೆ ಸಹಜವಾದ ಮೇಣದ ತೆಳುಪೊರೆ ಇರುತ್ತದೆ, ಬಣ್ಣ ಹಾಕಿದ್ದರೆ ಬಣ್ಣದ ಶೇಷವೂ ಉಳಿದಿರುತ್ತದೆ. ಅಂಥ ಬಟ್ಟೆ ಒರಟು. ನೀರನ್ನೂ ಬೇಗ ಹೀರದು. ನೂರು ಸಲ ಒಗೆತ ಕಂಡ ಧೋತರದಲ್ಲಿ ಇವಾವುವೂ ಉಳಿದಿರುವುದಿಲ್ಲ. ಹಿರಿಯರು ಹೇಳಿದ ‘ಹಳೆಯದು’ ಎಂಬ ಮಾತಿನ ಅರ್ಥ ಇಷ್ಟೇ: ಹತ್ತಿಯದು, ಮತ್ತು ಬಹಳ ಸಲ ಒಗೆದದ್ದು.

ತೊಡಕು ಹುಟ್ಟಿರುವುದು ಇಲ್ಲಿಯೇ. ನಿಯಮ ಉಳಿದಿದೆ, ಅದು ನಂಬಿಕೊಂಡಿದ್ದ ಬಟ್ಟೆ ಮನೆಯಿಂದ ಹೊರಟುಹೋಗಿದೆ. ಒಂದು ಕಾಲಕ್ಕೆ ಈ ಭಾಗದ ಅಜ್ಜಿಯ ಟ್ರಂಕಿನಲ್ಲಿ ಇದ್ದುದು ಇಳಕಲ್ ಸೀರೆ, ಮರಾಠಿಯ ಬಾಯಲ್ಲಿ ‘ಇರಕಲ್’. ಅದರ ಸೆರಗು ರೇಷ್ಮೆಯದಾದರೂ ಒಡಲು ಹತ್ತಿಯದಾಗಿರುತ್ತಿತ್ತು. ಹಳತಾದ ಮೇಲೆ ಅಂಚನ್ನೂ ಸೆರಗನ್ನೂ ಬಿಡಿಸಿ ಒಡಲಿನಿಂದ ಕೂಸಿನ ಬಟ್ಟೆ ಹರಿದುಕೊಳ್ಳುತ್ತಿದ್ದರು, ಮಿಕ್ಕದ್ದು ಕೌದಿಯ ಪಾಲಾಗುತ್ತಿತ್ತು. ಇಂದಿನ ಅಜ್ಜಿ ದಿನನಿತ್ಯ ಉಡುವುದು ಪಾಲಿಯೆಸ್ಟರ್ ಸೀರೆ. ಒಗೆಯಲು ಸುಲಭ, ಬೆಲೆ ಕಡಿಮೆ, ಇಸ್ತ್ರಿಯ ಹಂಗಿಲ್ಲ. ದುಡಿಯುವ ಹೆಂಗಸು ಅದನ್ನು ಆರಿಸಿಕೊಂಡುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಸೀರೆ ಹಳತಾಗಿ ಮೆತ್ತಗಾದಾಗ, ನಿಯಮದ ಪ್ರಕಾರ ಅದನ್ನೇ ಹರಿದು ಮಡಿಸಿ ಕೂಸಿಗೆ ಕಟ್ಟಿದರೆ ಅದು ಮೂತ್ರವನ್ನು ಹೀರುವುದಿಲ್ಲ, ಬದಿಗೆ ಹರಿಯಬಿಡುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿಯ ಎಳೆ ತನ್ನ ತೂಕದ ಶೇಕಡಾ 7–8ರಷ್ಟು ತೇವವನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರಿನ ಎಳೆ ಇಟ್ಟುಕೊಳ್ಳುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಮೆತ್ತಗಿರುವುದು ಬೇರೆ, ನೀರು ಕುಡಿಯುವುದು ಬೇರೆ. ಕೈಗೆ ಮೊದಲನೆಯದು ತಿಳಿಯುತ್ತದೆ, ಎರಡನೆಯದು ತಿಳಿಯುವುದಿಲ್ಲ.

ತಿಳಿಯುವ ಉಪಾಯ ಕಷ್ಟದ್ದಲ್ಲ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಬೇಕು. ಒಗೆದ ಹತ್ತಿಯಾದರೆ ಹನಿ ಕೂಡಲೇ ಇಳಿದು ಹರಡುತ್ತದೆ. ಅಲ್ಲವಾದರೆ ಮುತ್ತಿನಂತೆ ಮೇಲೆಯೇ ನಿಲ್ಲುತ್ತದೆ ಅಥವಾ ಜಾರುತ್ತದೆ. ಇನ್ನೂ ಅನುಮಾನವಿದ್ದರೆ ಅಂಚಿನಿಂದ ಒಂದೇ ಎಳೆಯನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಗುಂಡಾಗುತ್ತದೆ. ಎರಡೂ ಬೆರೆತ ನೂಲಿನಲ್ಲಿ ಎರಡೂ ಲಕ್ಷಣಗಳು ಕಾಣುತ್ತವೆ. ಅಂಗಡಿಯವನು ‘ಪ್ಯೂರ್ ಕಾಟನ್’ ಎಂದು ಎಷ್ಟು ಸಲ ಆಣೆಯಿಟ್ಟರೂ ಗುಂಡು ಸುಳ್ಳು ಹೇಳುವುದಿಲ್ಲ.

ಕೂಸಿನ ಒಳಬಟ್ಟೆಯ ಈ ಚರ್ಚೆಗೆ ಕನ್ನಡ ವಿಭಾಗದ ಪತ್ರಿಕೆಯಲ್ಲಿ ಜಾಗವೇಕೆ ಎಂದು ಐಚ್ಛಿಕ ಕನ್ನಡದ ವಿದ್ಯಾರ್ಥಿ ಕೇಳಬಹುದು. ಜೇಡರ ದಾಸಿಮಯ್ಯನು ನೇಕಾರ, ಕದಿರ ರೆಮ್ಮವ್ವೆಯು ನೂಲುವವಳು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವ ವಿದ್ಯಾರ್ಥಿಯ ಕೈಗೆ ಒಂದು ತುಂಡು ಬಟ್ಟೆ ಕೊಟ್ಟು ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹಾಸುಹೊಕ್ಕು ಅವನಿಗೆ ಕೇವಲ ನುಡಿಗಟ್ಟು. ಮಗ್ಗದ ಸದ್ದು ಇನ್ನೂ ಪೂರ್ತಿ ನಿಂತಿರದ ಊರಿನಲ್ಲಿ ಕುಳಿತು ವಚನ ಓದುವವರಿಗೆ ಇದು ಶೋಭೆ ತರುವ ಸಂಗತಿಯಲ್ಲ.

ಗಡಿಯ ಎರಡು ಭಾಷೆಗಳು ಈ ಚಿಕ್ಕ ವಸ್ತುವಿನ ಸುತ್ತ ಹೆಣೆದ ಮಾತುಗಳನ್ನು ನೋಡಿದರೆ ಬಟ್ಟೆಯ ಗುಣ ತಾನಾಗಿ ತೆರೆದುಕೊಳ್ಳುತ್ತದೆ. ಕೂಸಿನ ಕೆಳಗೆ ಹಾಸುವ, ಸೊಂಟಕ್ಕೆ ಕಟ್ಟುವ ತುಂಡಿಗೆ ಮರಾಠಿಯಲ್ಲಿ ‘ಬಾಳೋತೆ’ ಎನ್ನುತ್ತಾರೆ. ಸುತ್ತುವ ಬಟ್ಟೆ ‘ದುಪಟೆ’. ಕನ್ನಡದ ‘ದುಪ್ಪಟಿ’ ಅದರ ಒಡಹುಟ್ಟು; ‘ದು’ ಎಂಬುದು ಎರಡನ್ನೂ ‘ಪಟ’ ಎಂಬುದು ಬಟ್ಟೆಯನ್ನೂ ಹೇಳುತ್ತದೆ. ತಲೆಗೆ ಹಾಕುವುದು ಕನ್ನಡದಲ್ಲಿ ಕುಂಚಿಗೆ, ಮರಾಠಿಯಲ್ಲಿ ಕುಂಚಿ. ಒಳಪದರಕ್ಕೆ ದರ್ಜಿಯ ಬಾಯಲ್ಲಿ ಎರಡೂ ಭಾಷೆಗಳಲ್ಲಿ ಬರುವುದು ‘ಅಸ್ತರ’. ಅದು ಪಾರಸಿಯಿಂದ ಬಂದ ಮಾತು. ಒಗೆಯದ ಬಟ್ಟೆ ‘ಕೋರಾ’, ಏನೂ ಬರೆಯದ ಕಾಗದ ಹೇಗೆ ಕೋರಾ ಕಾಗದವೋ ಹಾಗೆ. ಒಗೆತ ಕಂಡದ್ದು ಮರಾಠಿಯಲ್ಲಿ ‘ಧುವಟ’. ಇದಕ್ಕೆ ಕನ್ನಡದ ಸಮಾನಪದ ಹುಡುಕಿದರೆ ದೊರೆಯುವುದು ‘ಮಡಿ’. ಮಡಿಯೆಂದರೆ ಇಂದು ಮುಟ್ಟಿಸಿಕೊಳ್ಳದಿರುವ ಆಚಾರವೊಂದೇ ನೆನಪಿಗೆ ಬರುತ್ತದೆ. ಆದರೆ ಒಗೆದ ಬಟ್ಟೆ ಎಂಬುದು ಅದರ ನೇರವಾದ ಅರ್ಥ, ಮಡಿವಾಳ ಎಂಬ ಮಾತು ನಿಂತಿರುವುದು ಆ ಅರ್ಥದ ಮೇಲೆಯೇ. ಬಟ್ಟೆಯನ್ನು ಪದರ ಪದರವಾಗಿ ಮಾಡುವುದಕ್ಕೂ ಕನ್ನಡ ಹೇಳುವುದು ಮಡಿಸು ಎಂದು. ಕೂಸಿನ ಬಟ್ಟೆಗೆ ಬೇಕಾದ ಎರಡೂ ಗುಣಗಳನ್ನು ಒಂದೇ ಉಲಿಯಲ್ಲಿ ಹಿಡಿದಿಟ್ಟಿರುವ ಭಾಷೆಯ ಮನೆಗಳಲ್ಲಿ ಇಂದು ಬಾಯಿಗೆ ಬರುವುದು ‘ಲೈನರ್’, ‘ಇನ್ಸರ್ಟ್’ ಎಂಬ ಮಾತುಗಳು. ಆ ಮಾತುಗಳೊಡನೆ ಬರುವ ವಸ್ತುವನ್ನು ಪ್ರಶ್ನಿಸುವ ಅಭ್ಯಾಸವಂತೂ ಇಲ್ಲ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿಯೇ, ಊರು ದಾಟುವ ಮುನ್ನ, ಚಾದರ ಮತ್ತು ಟವೆಲಿನ ಕಾರಖಾನೆಗಳಿರುವ ಕೈಗಾರಿಕಾ ವಸಾಹತು ಇದೆ. ಸೊಲ್ಲಾಪುರಿ ಚಾದರಕ್ಕೂ ಇಲ್ಲಿಯ ಟೆರ್ರಿ ಟವೆಲಿಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಟವೆಲಿನ ಊರಿನಲ್ಲಿ ಕೂಸಿಗೆ ಟವೆಲ್ ಬಟ್ಟೆಯನ್ನೇ ಕಟ್ಟಿದರಾಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅದು ಅರ್ಧ ಸರಿ. ಟೆರ್ರಿಯ ಮಗ್ಗದಲ್ಲಿ ಹಾಸು ಒಂದಲ್ಲ, ಎರಡು. ಒಂದು ಹಾಸನ್ನು ಬಿಗಿಯಾಗಿ ಎಳೆದಿರುತ್ತಾರೆ, ಇನ್ನೊಂದನ್ನು ಸಡಿಲ ಬಿಟ್ಟಿರುತ್ತಾರೆ. ಸಾಮಾನ್ಯವಾಗಿ ಮೂರು ಹೊಕ್ಕುಗಳನ್ನು ತುಸು ದೂರದಲ್ಲಿ ಹಾಕಿ, ಬಳಿಕ ಮೂರನ್ನೂ ಒಟ್ಟಿಗೆ ಮುಂದಕ್ಕೆ ಬಡಿದಾಗ ಬಿಗಿಯಾದ ಹಾಸು ಕದಲದೆ ನಿಲ್ಲುತ್ತದೆ. ಸಡಿಲವಾದದ್ದು ಕುಣಿಕೆಯಾಗಿ ಮೇಲೇಳುತ್ತದೆ. ಆ ಕುಣಿಕೆಗಳ ನಡುವಿನ ಎಡೆಯೇ ನೀರನ್ನು ಹಿಡಿಯುವ ಜಾಗ. ಹೀಗಾಗಿ ಹೀರುವ ಪದರಕ್ಕೆ ಹತ್ತಿಯ ಟೆರ್ರಿಯಷ್ಟು ಸಮೀಪದಲ್ಲಿ ಸಿಗುವ ಉತ್ತಮ ಬಟ್ಟೆ ಬೇರೊಂದಿಲ್ಲ. ಅಂಗಡಿಯಿಂದ ತಂದ ಹೊಸ ಟವೆಲ್ ಮೊದಲ ದಿನ ನೀರನ್ನು ತಳ್ಳುವುದನ್ನು ಕಂಡು ಮಾಲು ಕಳಪೆಯೆಂದು ಬೈಯುವವರಿದ್ದಾರೆ. ನಾಲ್ಕೈದು ಒಗೆತದ ನಂತರವೇ ಅದರ ಗುಣ ಹೊರಬರುವುದು.

ಆದರೆ ಮೈಗೆ ತಾಗುವ ಪದರಕ್ಕೆ ಅದು ಸಲ್ಲದು. ಗಡಸು ನೀರಿನಲ್ಲಿ ಒಗೆದು ಬಿಸಿಲಿಗೆ ಹರವಿದ ಟೆರ್ರಿಯ ಕುಣಿಕೆಗಳು ಒಣಗಿ ಸೆಟೆಯುತ್ತವೆ, ಕೂಸಿನ ತೊಡೆಸಂದಿಯನ್ನು ಉಜ್ಜುತ್ತವೆ. ಮಲ ಕುಣಿಕೆಗಳ ಬುಡದಲ್ಲಿ ಸೇರಿ ಬೇಗ ಬಿಡುವುದಿಲ್ಲ. ಅದಕ್ಕೂ ಕೂಸಿಗೂ ನಡುವೆ ನುಣುಪಾದ, ತೆಳುವಾದ, ಕುಣಿಕೆಯಿಲ್ಲದ ಬಟ್ಟೆಯೊಂದು ಬೇಕು. ಒಳಪದರದ ಕೆಲಸ ತಾನು ನೀರು ಹಿಡಿದಿಟ್ಟುಕೊಳ್ಳುವುದಲ್ಲ. ಬಂದ ನೀರನ್ನು ಹಿಂದಿನ ಪದರಕ್ಕೆ ದಾಟಿಸಿ, ಮೈಯನ್ನು ಉಜ್ಜದೆ ಇರುವುದು. ಈ ಕೆಲಸಕ್ಕೆ ಹಳೆಯ ಧೋತರ ಸಿಕ್ಕರೆ ಅದೇ ಮೇಲು. ಸಿಗದಿದ್ದರೆ ನವೀ ಪೇಠದ ಅಂಗಡಿಯಲ್ಲಿ ಬಣ್ಣವಿಲ್ಲದ ಮಲಮಲ್ ತಂದು, ಕೂಸು ಹುಟ್ಟುವ ಮುನ್ನವೇ ಆರೆಂಟು ಸಲ ಬಿಸಿನೀರಿನಲ್ಲಿ ಒಗೆದು ‘ಹಳತು’ ಮಾಡಬೇಕು. ಮಾಂಜರಪಾಟ ಅಗ್ಗವಾದರೂ ಗಂಜಿ ಹೆಚ್ಚು, ನೇಯ್ಗೆ ದಪ್ಪ. ಅದು ಮೆತ್ತಗಾಗುವ ಹೊತ್ತಿಗೆ ಕೂಸು ಅಂಬೆಗಾಲಿಡುತ್ತಿರುತ್ತದೆ.

ಪೊಟ್ಟಣದಲ್ಲಿ ಬರುವ ಬಟ್ಟೆಯ ಡೈಪರುಗಳಲ್ಲಿ ಮೈಗೆ ತಾಗುವ ಪದರ ಹೆಚ್ಚಾಗಿ ಪಾಲಿಯೆಸ್ಟರ್ ಫ್ಲೀಸಿನದು, ಒಳಗಿನ ಹೀರುವ ಪಟ್ಟಿ ಅನೇಕ ಸಲ ಮೈಕ್ರೋಫೈಬರಿನದು. ಫ್ಲೀಸನ್ನು ಕಂಡಕೂಡಲೇ ಹಳಿಯುವುದು ನ್ಯಾಯವಲ್ಲ. ಅದು ನೀರನ್ನು ತನ್ನಲ್ಲಿ ಇಟ್ಟುಕೊಳ್ಳದೆ ಕೆಳಕ್ಕೆ ಬಿಡುವುದರಿಂದ ಮೇಲ್ಮೈ ಒಣಗಿದಂತಿರುತ್ತದೆ, ಕೂಸು ರಾತ್ರಿ ಎಚ್ಚರಗೊಳ್ಳದೆ ಮಲಗುತ್ತದೆ, ಬಾಣಂತಿಗೂ ನಿದ್ದೆ ದೊರೆಯುತ್ತದೆ. ಮೂರು ತಿಂಗಳು ನಿದ್ದೆಗೆಟ್ಟ ತಾಯಿಗೆ ಈ ಲಾಭ ಸಣ್ಣದಲ್ಲ. ಸೀರೆಯ ಪಾಲಿಯೆಸ್ಟರಿಗೂ ಇದಕ್ಕೂ ವ್ಯತ್ಯಾಸವಿರುವುದು ನೂಲಿನಲ್ಲಲ್ಲ, ಸಡಿಲವಾದ ಹೆಣಿಗೆಯಲ್ಲಿ ಮತ್ತು ಅದರ ಹಿಂದೆ ಹೀರುವ ಪದರವಿರುವುದರಲ್ಲಿ. ಹಗಲಿನ ಮಾತು ಬೇರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಪಾಲಿಯೆಸ್ಟರಿನ ದಪ್ಪ ಪದರ ಬೆವರನ್ನು ಹೀರದು, ಕಾವನ್ನು ಹಿಡಿದಿಡುತ್ತದೆ. ಮೇಲ್ಮೈ ಒಣಗಿದಂತಿದೆಯೆಂದು ಮನೆಯವರು ಬದಲಿಸುವುದನ್ನು ಮುಂದೂಡುತ್ತಾರೆ. ಮಲಮೂತ್ರ ಕೂಡಿ ನಿಂತಷ್ಟೂ ಚರ್ಮಕ್ಕೆ ಕೇಡು. ಹತ್ತಿ ಒದ್ದೆಯಾದೊಡನೆ ಕೂಸು ಅಳುತ್ತದೆ. ಆ ಅಳು ಉಪಕಾರ. ಮೈಕ್ರೋಫೈಬರನ್ನಂತೂ ನೇರವಾಗಿ ಮೈಗೆ ತಾಗಿಸಲೇಬಾರದು. ಅದು ಚರ್ಮದ ತೇವವನ್ನೇ ಹೀರಿ ಒಣಗಿಸುತ್ತದೆ.

ಒಮ್ಮೆ ಕಟ್ಟಿ ಎಸೆಯುವ ಡೈಪರಿನ ವಾದ ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ. ಅದರ ಮೇಲ್ಪದರ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಒಡಲಲ್ಲಿ ನೀರನ್ನು ಜೆಲ್ ಮಾಡುವ ರಾಸಾಯನಿಕ. ಪ್ರಯಾಣಕ್ಕೆ, ಆಸ್ಪತ್ರೆಗೆ, ಸ್ವಾಮಿ ಸಮರ್ಥರ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಸಂಸಾರಕ್ಕೆ ಅದು ಅನುಕೂಲ. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಬೇರೆಯಾಗಿ ಸುತ್ತಿಕೊಡಬೇಕೆಂದು ಹೇಳುತ್ತವೆ. ಊರ ಹೊರಗಿನ ಹಳ್ಳದ ದಂಡೆಗಳು ಆ ನಿಯಮವನ್ನು ಓದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಪ್ರಶ್ನೆ ಉಳಿಯುತ್ತದೆ: ಒಗೆಯುವವರು ಯಾರು, ಯಾವ ನೀರಿನಲ್ಲಿ? ಕೆರೆ ಕಟ್ಟಿಸಿದ ಸಿದ್ಧರಾಮನ ಸೊನ್ನಲಿಗೆಯಲ್ಲಿ ಇಂದು ನಳದ ನೀರು ದಿನವೂ ಬರುವುದಿಲ್ಲ. ಬಂದ ದಿನ ಬಂದದ್ದನ್ನು ಪಿಪಾಯಿ, ಕೊಡಗಳಲ್ಲಿ ತುಂಬಿಟ್ಟುಕೊಂಡ ಮನೆಗಳೇ ಹೆಚ್ಚು. ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆಯಾಗುವ ಕೂಸಿನ ಬಟ್ಟೆಗೆ ಆ ನೀರೇ ಸಾಲಬೇಕು. ಸಾಲದಾದಾಗ ಕೊಳವೆಬಾವಿಯ ಗಡಸು ನೀರು. ಅದರಲ್ಲಿ ಸಾಬೂನಿನ ಬಿಲ್ಲೆ ಉಜ್ಜಿದರೆ ನೊರೆ ಬರುವ ಬದಲು ಜಿಡ್ಡಾದ ಗಸಿ ಬಟ್ಟೆಯ ಎಳೆಗೆ ಅಂಟಿ ಕೂರುತ್ತದೆ. ಹತ್ತು ದಿನಗಳಲ್ಲಿ ಹತ್ತಿಯೂ ಪಾಲಿಯೆಸ್ಟರಿನಂತೆ ನೀರು ತಳ್ಳತೊಡಗುತ್ತದೆ. ಸುವಾಸನೆಯ ಮೃದುಕಾರಕ ಹಾಕಿದರೂ ಇದೇ ಗತಿ. ಗಡಸು ನೀರಿಗೆ ಬಿಲ್ಲೆಗಿಂತ ಡಿಟರ್ಜೆಂಟ್ ಪುಡಿ ವಾಸಿ, ಅದೂ ಸ್ವಲ್ಪವೇ. ಜಾಲಿಸುವ ನೀರಿಗೆ ಮಾತ್ರ ಕೈ ಬಿಗಿಹಿಡಿಯಬಾರದು. ಕುಡಿಯುವ ನೀರನ್ನೇ ಅಳೆಯುವ ಮನೆಗೆ ಈ ಸಲಹೆ ಕೊಡುವುದು ಸುಲಭ, ಪಾಲಿಸುವುದು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಒಗೆಯುವ ಕೈ ಬಾಣಂತಿಯ ತಾಯಿಯದು, ಅತ್ತೆಯದು, ಇಲ್ಲವೇ ಸಂಬಳದ ಹೆಂಗಸಿನದು. ಬಟ್ಟೆಯ ಡೈಪರನ್ನು ಪರಿಸರದ ಹೆಸರಿನಲ್ಲಿ ಹೊಗಳುವ ಗಂಡಸರು ಆ ಬಕೆಟ್ಟಿನ ಹತ್ತಿರ ಸುಳಿದದ್ದು ಅಪರೂಪ.

ಆದುದರಿಂದ ಬಟ್ಟೆಯ ಆಯ್ಕೆಯಷ್ಟೇ ಮುಖ್ಯವಾದುದು ಅದನ್ನು ಹೊಲಿದು ಕೂಡಿಸಬೇಕೋ ಬೇಡವೋ ಎಂಬುದು. ಅಸ್ತರವನ್ನು ಟೆರ್ರಿಗೆ ಸೇರಿಸಿ ಹೊಲಿದುಬಿಟ್ಟರೆ ನೋಡಲು ಅಚ್ಚುಕಟ್ಟು. ಆದರೆ ಪ್ರತಿ ಸಲವೂ ದಪ್ಪವಾದ ಇಡೀ ಗಂಟನ್ನೇ ಒಗೆಯಬೇಕು, ಮಳೆಗಾಲದಲ್ಲಿ ಅದರ ಒಳಮೈ ಒಣಗಲು ಎರಡು ದಿನ ಬೇಕು, ಒಣಗದ ಒಳಮೈ ಮುಗ್ಗುತ್ತದೆ. ಬಿಡಿಯಾಗಿ ಇಟ್ಟರೆ ಅಂಗೈ ಅಗಲದ ತೆಳು ತುಂಡು ಒಂದು ಚೆಂಬು ನೀರಿನಲ್ಲಿ ತೊಳೆದುಹೋಗುತ್ತದೆ, ಹಗ್ಗದ ಮೇಲೆ ಅರ್ಧ ಗಂಟೆಯಲ್ಲಿ ಆರುತ್ತದೆ; ಮಲದ ಬಹುಪಾಲು ಅದರಲ್ಲಿಯೇ ನಿಲ್ಲುವುದರಿಂದ ಟೆರ್ರಿಯ ಒಗೆತವೂ ಹಗುರವಾಗುತ್ತದೆ. ಹಳೆಯ ಬಾಳೋತೆ ಹೊಲಿಗೆಯಿಲ್ಲದ ಚೌಕವಾಗಿದ್ದುದು ಬಡತನದಿಂದ ಮಾತ್ರವಲ್ಲ. ಮಡಿಸಿದರೆ ನಾಲ್ಕು ಪದರ, ಬಿಡಿಸಿದರೆ ಬಿಸಿಲಿಗೆ ಒಂದೇ ಪದರ.

ಧೋತರದಿಂದ ತುಂಡು ಹರಿಯುವಾಗ ಕತ್ತರಿಯಿಂದ ಒಂದು ಕಚ್ಚು ಹಾಕಿ ಕೈಯಿಂದ ಎಳೆಯಬೇಕು, ಎಳೆ ನೇರವಾಗಿ ಸೀಳುತ್ತದೆ. ಬಣ್ಣದ ಅಂಚನ್ನು ಮೊದಲೇ ತೆಗೆದುಬಿಡಬೇಕು. ಅಲ್ಲಿ ಹಾಸಿನ ಎಳೆಗಳು ಒತ್ತಾಗಿರುವುದರಿಂದ ಎಷ್ಟು ಒಗೆದರೂ ಒರಟು ಹೋಗದು. ಸೀಳಿದ ಅಂಚಿನಿಂದ ಜೋತಾಡುವ ಸಡಿಲ ಎಳೆಗಳನ್ನು ಕಿತ್ತುಹಾಕದೆ ಬಿಡಬಾರದು. ಅವು ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿಯುವುದುಂಟು. ಅಂಚನ್ನು ಮಡಿಸಿ ಹೊಲಿಯುವುದಾದರೆ ಒಂದೇ ಮಡಿಕೆ ಸಾಕು, ಅದರ ದಪ್ಪ ಭಾಗವನ್ನು ಟೆರ್ರಿಯ ಕಡೆಗೆ ಇಡಬೇಕು.