ಮನೆಯೊಳಗಿನ ದೊಡ್ಡ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸಿಂಹವನ್ನು ಬಾವಿಗೆ ಕೆಡವಿದ ಪಂಚತಂತ್ರದ ಮೊಲವನ್ನು ನಾವು ಬಾಲ್ಯದಿಂದಲೇ ಬಲ್ಲೆವು. ಚಂದ್ರನ ಕಲೆಯಲ್ಲಿ ಮೊಲವನ್ನು ಕಂಡ ನಮ್ಮ ಪೂರ್ವಿಕರು ಅವನನ್ನು ಶಶಾಂಕನೆಂದು ಕರೆದರು. ಇಷ್ಟೆಲ್ಲ ಪರಿಚಯವಿದ್ದರೂ ಮೊಲದೊಡನೆ ಒಂದೇ ಸೂರಿನಡಿ ಬಾಳಿದವರು ನಮ್ಮಲ್ಲಿ ಬಹಳ ಮಂದಿ ಇಲ್ಲ. ಹಸು, ನಾಯಿ, ಬೆಕ್ಕುಗಳ ಸ್ವಭಾವವನ್ನು ಅರಿಯಲು ನಮಗೆ ತಲೆಮಾರುಗಳ ಅನುಭವವುಂಟು. ಮೊಲದ ವಿಷಯದಲ್ಲಿ ಅದು ಇಲ್ಲ. ಈಗ ಪಟ್ಟಣಗಳ ಮನೆಗಳಿಗೂ ಮೊಲ ಬರತೊಡಗಿದೆ. ತರುವುದಾದರೆ ದೊಡ್ಡ ತಳಿಯದನ್ನೇ ತರಬೇಕೆಂದು ಹಟ ಹಿಡಿಯುವ ಮಕ್ಕಳನ್ನು ನಾನು ಕಂಡಿದ್ದೇನೆ. ಆ ಹಂಬಲ ತಪ್ಪೆಂದು ಹೇಳಲಾರೆ. ಆದರೆ ದೊಡ್ಡ ಮೊಲವನ್ನು ಮನೆಯವರಲ್ಲಿ ಒಬ್ಬರಂತೆ ನೆಲದ ಮೇಲೆ ಓಡಾಡಿಕೊಂಡು ಇರಗೊಡುವುದಾದರೆ ಮಾತ್ರ ತರಬೇಕು. ಪಂಜರದಲ್ಲಿಟ್ಟು ನೋಡಿ ಸಂತೋಷಪಡುವುದಕ್ಕಾದರೆ ತರಲೇಬಾರದು ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಈ ಅಭಿಪ್ರಾಯಕ್ಕಾಗಿ ನಮ್ಮ ಮನೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಕನ್ನಡದಲ್ಲಿ ಮೊಲ ಎಂಬ ಮಾತು ಒಂದೇ; ಪ್ರಾಣಿಗಳು ಎರಡು. ನಮ್ಮ ಹೊಲಗಳ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಚಂಗನೆ ನೆಗೆದು ಮರೆಯಾಗುವುದು ಕಾಡುಮೊಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಬಯಲಿನಲ್ಲಿ ಹುಟ್ಟಿ ಬಯಲಿನಲ್ಲಿಯೇ ಬಾಳುವ ಜೀವಿ ಅದು. ಅದನ್ನು ಹಿಡಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಸಾಕುಮೊಲದ ಮೂಲವೇ ಬೇರೆ. ಸ್ಪೇನ್ ಮತ್ತು ದಕ್ಷಿಣ ಫ್ರಾನ್ಸಿನ ನೆಲದಲ್ಲಿ ಬಿಲ ತೋಡಿಕೊಂಡು ಗುಂಪಾಗಿ ಬಾಳುತ್ತಿದ್ದ ಪ್ರಾಣಿಗಳು ಅದರ ಪೂರ್ವಿಕರು. ಅದರ ಮರಿ ಮೈಮೇಲೆ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಬಿಲದ ಕತ್ತಲೆಯಲ್ಲಿ ಹುಟ್ಟುತ್ತದೆ. ಸಾಕಿದ ಮೊಲ ಮಂಚದ ಅಡಿಯಲ್ಲಿ, ಕಪಾಟಿನ ಹಿಂದೆ ಅಡಗುವುದೇಕೆಂದು ಕೇಳುವವರಿಗೆ ಇದೇ ಉತ್ತರ. ಮೊಲವೆಂದರೆ ಇಲಿಯ ಬಳಗಕ್ಕೆ ಸೇರಿದ ದಂಶಕ ಪ್ರಾಣಿಯೆಂದು ನಾನು ಬಾಲ್ಯದಲ್ಲಿ ಕಲಿತಿದ್ದೆ. ವಿಜ್ಞಾನಿಗಳು 1912ರಲ್ಲಿಯೇ ಅದನ್ನು ಬೇರೆ ಗಣಕ್ಕೆ ಸೇರಿಸಿದ್ದರೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ! ಅದರ ಮೇಲ್ದವಡೆಯ ಬಾಚಿಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲುಗಳಿವೆ. ಇಲಿಗೆ ಅವು ಇಲ್ಲ.

ಆ ಕಾಡಿನ ಪೂರ್ವಿಕರ ತೂಕ ಸುಮಾರು ಒಂದೂವರೆ ಎರಡು ಕಿಲೋಗ್ರಾಂ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದ ಹೆಸರನ್ನು ಹೊತ್ತ ಫ್ಲೆಮಿಷ್ ಜೈಂಟ್ ಎಂಬ ತಳಿಯಾದರೋ ಆರೇಳು ಕಿಲೋಗ್ರಾಂ ತೂಗುತ್ತದೆ. ಮಾಂಸಕ್ಕಾಗಿ, ತುಪ್ಪಳಕ್ಕಾಗಿ ದೊಡ್ಡದರಲ್ಲಿ ದೊಡ್ಡದನ್ನು ಆರಿಸಿ ಆರಿಸಿ ಅಲ್ಲಿನ ಜನ ಅದನ್ನು ಬೆಳೆಸಿದರು. 1893ರಲ್ಲಿ ಅದರ ಲಕ್ಷಣಗಳನ್ನು ಬರೆದಿಟ್ಟರು. ಇಂಗ್ಲೆಂಡಿನಲ್ಲಿ ಡೇರಿಯಸ್ ಎಂಬ ಮೊಲ 129 ಸೆಂಟಿಮೀಟರ್ ಉದ್ದವಿದ್ದು 2010ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಆ ಕೀರ್ತಿಯಿಂದ ಅದಕ್ಕೆ ದೊರೆತ ಲಾಭವೇನೆಂದರೆ, 2021ರ ಏಪ್ರಿಲ್ ತಿಂಗಳಲ್ಲಿ ಕಳ್ಳರು ಅದನ್ನು ಹೊತ್ತೊಯ್ದರು. ನಮ್ಮ ದೇಶದಲ್ಲಿ ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್ ಮೊದಲಾದ ದೊಡ್ಡ ತಳಿಗಳನ್ನು ಸಾಕುವುದುಂಟು. ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಇವುಗಳನ್ನು ಬೆಳೆಸುತ್ತಿರುವುದು ಕೊಡೈಕೆನಾಲಿನ ಸಮೀಪದ ಮನ್ನವನೂರಿನಲ್ಲಿ. ಅದು ತಂಪಾದ ಬೆಟ್ಟಪ್ರದೇಶವೆಂಬುದನ್ನು ಗಮನಿಸಬೇಕು. ಮೊಲವು ತಾನಾಗಿ ಈ ಗಾತ್ರವನ್ನು ಬಯಸಲಿಲ್ಲ. ಅದನ್ನು ಮನುಷ್ಯ ಕೊಟ್ಟ. ಆ ಭಾರವಾದ ದೇಹದ ಕಷ್ಟಗಳಿಗೂ ಅವನೇ ಹೊಣೆಗಾರ.

ನಾನು ವಾಸಿಸುವುದು ದಾವಣಗೆರೆಯಲ್ಲಿ. ಮೊಮ್ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಮೊಲ ಸಾಕಣೆಗಾರರೊಬ್ಬರಿಂದ ಸೋವಿಯತ್ ಚಿಂಚಿಲ್ಲಾ ಮರಿಯೊಂದನ್ನು ತಂದೆವು. ಬೂದಿಬಣ್ಣದ ಅದಕ್ಕೆ ಅವನು ಬೂದನೆಂದು ಹೆಸರಿಟ್ಟ. ಸಾಕಣೆಗಾರರು ಅದನ್ನು ಕಿವಿ ಹಿಡಿದೆತ್ತಿ ನಮ್ಮ ಬುಟ್ಟಿಗೆ ಇಳಿಸಿದರು; ನಾವೂ ಕೆಲವು ದಿನ ಹಾಗೆಯೇ ಎತ್ತಿದೆವು. ಅದು ಕ್ರೂರವಾದ ರೂಢಿ. ಮೊಲದ ಮೂಳೆಗಳು ಬಹಳ ಹಗುರ, ಹಿಂಗಾಲುಗಳ ಮಾಂಸಖಂಡ ಬಹಳ ಬಲವುಳ್ಳದ್ದು. ಹೆದರಿ ಗಾಳಿಯಲ್ಲಿ ಒದ್ದಾಡಿದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಎದೆಯ ಕೆಳಗೊಂದು ಕೈ, ಹಿಂಭಾಗದ ಕೆಳಗೊಂದು ಕೈ ಕೊಟ್ಟು ಮೈಗೆ ಒತ್ತಿಕೊಂಡು ಎತ್ತಬೇಕು. ಐದು ಕಿಲೋಗ್ರಾಂ ತೂಗುವ ಮೊಲವನ್ನು ಹೀಗೆ ಎತ್ತುವುದು ಚಿಕ್ಕ ಮಕ್ಕಳಿಂದ ಆಗದ ಕೆಲಸ.

ಮೊದಲು ನಾವು ಬೂದನನ್ನು ತಂತಿಯ ತಳವಿರುವ ಪಂಜರದಲ್ಲಿಟ್ಟೆವು. ನಾಲ್ಕೈದು ತಿಂಗಳಿಗೆ ಅದರ ಹಿಂಗಾಲುಗಳ ಅಡಿಯಲ್ಲಿ ಕೂದಲುದುರಿ ಹುಣ್ಣಾಯಿತು. ನಾಯಿಗೆ, ಬೆಕ್ಕಿಗೆ ಇರುವಂಥ ಮೆತ್ತನೆಯ ಅಂಗಾಲು ಮೊಲಕ್ಕಿಲ್ಲ. ಕೂದಲೊಂದೇ ಅದರ ಪಾದರಕ್ಷೆ. ಮೈಭಾರ ಹೆಚ್ಚಿದಷ್ಟೂ ತಂತಿ ಹೆಚ್ಚು ಒತ್ತುತ್ತದೆ. ಪಂಜರವನ್ನು ಗುಜರಿಗೆ ಹಾಕಿ ಅದನ್ನು ನಡುಮನೆಗೆ ಬಿಟ್ಟೆವು. ನುಣುಪಾದ ಕಲ್ಲಿನ ನೆಲದ ಮೇಲೆ ಜಾರುತ್ತಿದ್ದುದರಿಂದ ಗೋಣಿತಟ್ಟು ಹಾಸಿದೆವು. ಆಗಲೇ ನಮಗೆ ನಿಜವಾದ ಮೊಲದ ಪರಿಚಯವಾದದ್ದು. ಅದು ಸಂಜೆಯ ಹೊತ್ತು ಓಡಿಬಂದು ಗಾಳಿಯಲ್ಲಿಯೇ ಮೈತಿರುಚಿ ನೆಗೆಯುತ್ತಿತ್ತು; ಅದು ಸಂತೋಷದ ಕುಣಿತ. ಅಪರಿಚಿತರು ಬಂದರೆ ಹಿಂಗಾಲಿನಿಂದ ನೆಲವನ್ನು ಧಡ್ಡೆಂದು ಬಡಿಯುತ್ತಿತ್ತು. ಗದ್ದವನ್ನು ಮಂಚದ ಕಾಲಿಗೆ, ನನ್ನ ಊರುಗೋಲಿಗೆ ಉಜ್ಜಿ ಎಲ್ಲವೂ ತನ್ನದೆಂದು ಸಾರುತ್ತಿತ್ತು. ಒಂದೇ ಮೂಲೆಯಲ್ಲಿ ಮೂತ್ರಮಾಡುವುದನ್ನು ಬಹುಬೇಗ ಕಲಿಯಿತು. ಹಾನಿಯೂ ಆಗದೆ ಇರಲಿಲ್ಲ. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಹುಲ್ಲನ್ನು ಜಗಿದು ಜಗಿದು ಸವೆಸಬೇಕು. ಹುಲ್ಲಿನ ಜೊತೆಗೆ ನನ್ನ ನಿಘಂಟಿನ ಬೆನ್ನೂ ಸವೆಯಿತು.

ನೆರೆಮನೆಯ ಹಿರಿಯರೊಬ್ಬರು ಇದನ್ನೆಲ್ಲ ನೋಡಿ, “ಮೇಷ್ಟ್ರೇ, ಇದು ಹಾಲು ಕೊಡುವುದಿಲ್ಲ, ಮನೆ ಕಾಯುವುದಿಲ್ಲ, ಇಲಿ ಹಿಡಿಯುವುದಿಲ್ಲ. ಏನು ಉಪಯೋಗ?” ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಮಾತು ಬಾರದ ನಮ್ಮ ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದ್ದಾಗ ಅವಳ ಉಪಯೋಗವೇನೆಂದು ಅವರು ಕೇಳಿರಲಿಲ್ಲ. ಆದರೆ ಅವರ ಮಾತಿಗಿಂತ ಕಠಿಣವಾದ ಆಕ್ಷೇಪವೊಂದಿದೆ. ಅದನ್ನು ಎತ್ತಬೇಕಾದವನು ನಾನೇ. ನಾಯಿ ನೋವಾದರೆ ಕುಂಯ್ಗುಡುತ್ತದೆ, ಹಸು ಅರಚುತ್ತದೆ. ಮೊಲ ಬಾಯಿ ಬಿಡುವುದಿಲ್ಲ. ನರಿ, ಹದ್ದುಗಳಿಗೆ ಆಹಾರವಾಗಿ ಬಾಳಿದ ವಂಶ ಅದು. ಬಲಹೀನವಾಗಿರುವುದನ್ನು ತೋರಿಸಿಕೊಂಡರೆ ಸಾವು ಖಂಡಿತವೆಂಬ ಭಯ ಅದರ ರಕ್ತದಲ್ಲಿದೆ. ಇಂಥ ಮೂಕಜೀವಿಯನ್ನು ಸಾಕಲು ನಮಗೆ ಯೋಗ್ಯತೆಯಿದೆಯೇ?

ನಮ್ಮೂರಿನ ಮಂಡಕ್ಕಿಯ ವಿಷಯ ಎಲ್ಲರಿಗೂ ಗೊತ್ತು. ಸಂಜೆ ನಾವು ಮಂಡಕ್ಕಿ ತಿನ್ನುವಾಗ ಬೂದ ಮುಂಗಾಲೆತ್ತಿ ನನ್ನ ಮೊಣಕಾಲಿಗೆ ಆನಿಸಿ ನಿಲ್ಲುತ್ತಿತ್ತು. ಒಂದು ಹಿಡಿ ಹಾಕುತ್ತಿದ್ದೆ. ಗಜ್ಜರಿಯನ್ನಂತೂ ಮಿತಿಯಿಲ್ಲದೆ ಕೊಟ್ಟೆವು. ಚಿತ್ರಗಳಲ್ಲಿ ಮೊಲದ ಕೈಯಲ್ಲಿ ಗಜ್ಜರಿಯೇ ಇರುತ್ತದಲ್ಲವೇ! ನಾರಿನ ಅಂಶವಿಲ್ಲದ ತಿಂಡಿ, ಸಿಹಿಯಾದ ಗಡ್ಡೆ ಇವು ಹೆಚ್ಚಾದರೆ ಮೊಲದ ಕರುಳಿನ ಚಲನೆ ಕುಂದುತ್ತದೆ. ಅದರ ಊಟದ ಬಹುಭಾಗ ಹುಲ್ಲೇ ಆಗಿರಬೇಕು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಎರಡು ದಿನ ಮದುವೆಯ ಓಡಾಟದಲ್ಲಿದ್ದೆವು. ಹಿಂದಿರುಗಿದಾಗ ಬೂದ ಮಂಚದ ಅಡಿಯಲ್ಲಿ ಮುದುಡಿ ಕುಳಿತಿತ್ತು. “ಅಜ್ಜ, ಇವತ್ತು ಒಂದು ಹಿಕ್ಕೆಯನ್ನೂ ಹಾಕಿಲ್ಲ” ಎಂದ ಮೊಮ್ಮಗ. ಬಿಸಿಲಿಗೆ ದಣಿದಿದೆ, ಮಲಗಲಿ ಬಿಡು ಎಂದೆ. ಮರುದಿನ ಬೆಳಿಗ್ಗೆ ಪಶುವೈದ್ಯರ ಬಳಿಗೆ ಒಯ್ದೆವು. ಮೊಲ ವಾಂತಿ ಮಾಡಲಾರದು, ಬೆವರಿ ಮೈ ತಣಿಸಿಕೊಳ್ಳಲಾರದು. ಶಾಖವನ್ನು ಹೊರಗೆಡಹಲು ಅದಕ್ಕಿರುವ ಮುಖ್ಯ ದಾರಿ ಆ ಎರಡು ಕಿವಿಗಳು. ಅರ್ಧ ದಿನ ಆಹಾರ ಬಿಟ್ಟಿತೆಂದರೆ ಅದು ಅಪಾಯದ ಸೂಚನೆ ಎಂದು ಅವರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಧ್ಯಾಹ್ನಕ್ಕೆ ಅದು ತೀರಿಕೊಂಡಿತು. ಹನ್ನೊಂದು ವರ್ಷದ ಹುಡುಗ ಕಂಡದ್ದನ್ನು ನಲವತ್ತು ವರ್ಷ ಪಾಠ ಹೇಳಿದವನು ಕಾಣಲಿಲ್ಲ.

ಕಳೆದ ತಿಂಗಳು ಅವನು ಮತ್ತೆ ಮೊಲ ಬೇಕೆಂದ. ನಾನು ಬೇಡವೆನ್ನಲಿಲ್ಲ. ಗುಂಪಿನಲ್ಲಿ ಬಾಳುವ ಪ್ರಾಣಿಯಾದ್ದರಿಂದ ಈ ಸಲ ಎರಡನ್ನು ತರಬೇಕು. ಗಂಡು ಹೆಣ್ಣಾದರೆ ಒಂದು ತಿಂಗಳಿಗೆ ಮರಿಗಳಾಗಿ ಮನೆ ತುಂಬುವುದರಿಂದ ಮೊದಲೇ ವೈದ್ಯರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಬೇಸಗೆ ಕಳೆದು ಮಳೆ ಹಿಡಿದ ಮೇಲೆಯೇ ತರಬೇಕು. ಇವೆಲ್ಲವನ್ನೂ ಅವನು ಒಪ್ಪಿ ಹಿತ್ತಲಿನಲ್ಲಿ ಗರಿಕೆ ನೆಟ್ಟಿದ್ದಾನೆ. ಮದುವೆ, ಜಾತ್ರೆಗಳು ಬಂದಾಗ ಮನೆಯಲ್ಲಿ ಉಳಿಯುವವರು ಯಾರೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದು ತೀರ್ಮಾನವಾಗುವವರೆಗೆ ಮೊಲ ಬರುವುದಿಲ್ಲವೆಂದು ಹೇಳಿದ್ದೇನೆ.